ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ ಹೋಗೋಣ ಅಂತಿದ್ದೀನಿ. ಕನ್ನಡ ಡಿಟಿಪಿ ಅಂಗಡಿಗೆ ಆಗುತ್ತಾ?

ಅಕ್ಷರಮನೆ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಸಂಘಗಳ ವಾರ್ಷಿಕ ವರದಿ, ಶಾಲೆ ಪ್ರಶ್ನೆಪತ್ರಿಕೆ, ಬಾಡಿಗೆ ಕರಾರು, ಇಂಥ ಕೆಲಸ. ಎರಡು ಡೆಸ್ಕ್‌ಟಾಪ್, ಎರಡಕ್ಕೂ ಇಂಟೆಲ್ 4ನೇ ತಲೆಮಾರಿನ ಐ5. ಒಂದು ಲ್ಯಾಪ್‌ಟಾಪ್, ಅದು 6ನೇ ತಲೆಮಾರಿನ ಐ3. ಮೂರರಲ್ಲೂ ವಿಂಡೋಸ್ 10.

ವರ್ಷಗಳಿಂದ ಸಾಕಾಗಿದೆ. ಬೆಳಿಗ್ಗೆ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ನೂರು ಪರ್ಸೆಂಟ್ ತೋರಿಸುತ್ತಾ ಕೂತಿರುತ್ತದೆ. ಹೊರಗೆ ಹಾಲ್ ಟಿಕೆಟ್ ಪ್ರಿಂಟ್‌ಗೆ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಸರಿಯಾಗಿ ಆಗಲೇ ಅಪ್‌ಡೇಟ್ ಶುರುವಾಗಿ ಮಷಿನ್ ರೀಸ್ಟಾರ್ಟ್ ಆಗುತ್ತದೆ. ಇನ್ನು ಗಿರಾಕಿಗಳ ಪೆನ್‌ಡ್ರೈವ್. ಹಾಕಿದ ತಕ್ಷಣ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿರುತ್ತವೆ, ಒಳಗಿನ ಫೈಲೇ ಕಾಣುವುದಿಲ್ಲ. ಆಮೇಲೆ "ನಿಮ್ಮ ಅಂಗಡಿಯಲ್ಲೇ ವೈರಸ್ ಹತ್ತಿದ್ದು" ಅಂತ ಜಗಳ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ. ರಿಪೇರಿಯವರು ನೋಡಿ "11 ಇದಕ್ಕೆ ಹಾಕಕ್ಕಾಗಲ್ಲ ಮೇಡಂ, ಮೂರೂ ಹೊಸದು ತಗೊಳ್ಳಿ" ಅಂದರು. ಸುಮ್ನೆ ಮೂರು ಮಷಿನ್ ಎಸೆಯಲು ಮನಸ್ಸಿಲ್ಲ. ಕೆಲಸ ಮಾಡುತ್ತಿರುವ ಯಂತ್ರಗಳು ಅವು.

ಕೈಗೆ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಕೀಲಿಮಣೆ ಕೂತುಬಿಟ್ಟಿದೆ. ಹಳೇ ಫೈಲ್‌ಗಳು ಸಾವಿರಾರು ಇವೆ. ಲೇಸರ್ ಪ್ರಿಂಟರ್ ಹಳೆಯದು. ಲಿನಕ್ಸ್ ಬಳಸುತ್ತಿರುವವರು ನಿಜ ಹೇಳಿ, ಆಗುತ್ತಾ?

ಕಪ್ಪುಪರದೆ

ಆಗುತ್ತೆ ಮೇಡಂ. ಮೊದಲು 11 ಯಾಕೆ ಆಗಲ್ಲ ಅಂತ ಹೇಳಿಬಿಡ್ತೀನಿ. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಂಟೆಲ್ ಅಂದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲೆ. ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು, ಸೆಕ್ಯೂರ್ ಬೂಟ್ ಆಗುವ ಹಾಗಿರಬೇಕು. ನಿಮ್ಮ ಐ5 2013ರ ಕಾಲದ್ದು. ಅದಕ್ಕೆ ಕೆಲಸ ಮಾಡುವ ತಾಕತ್ತು ಇನ್ನೂ ಚೆನ್ನಾಗಿಯೇ ಇದೆ, ಪಟ್ಟಿಯಲ್ಲಿ ಇಲ್ಲ ಅಷ್ಟೇ.

ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕುವ, ಉಚಿತವಾಗಿ ಸಿಗುವ ಸಿಸ್ಟಂ. ಅದರ ಹಲವು ರೂಪಗಳಲ್ಲಿ ಲಿನಕ್ಸ್ ಮಿಂಟ್ ನೋಡಿ. ಕೆಳಗೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ ಬಳಸಿದ ಕೈಗೆ ಬೇಗ ಒಗ್ಗುತ್ತದೆ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರ್‍ಯಾಮ್ 8 ಜಿಬಿ ಇದ್ದರೆ ಅದರ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ.

ಇನ್‌ಸ್ಟಾಲ್ ಮಾಡುವ ಮೊದಲು ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿ ನೋಡಬಹುದು. ಡಿಸ್ಕ್‌ನಲ್ಲಿ ಏನೂ ಬದಲಾಗಲ್ಲ. ವೈಫೈ, ಸೌಂಡ್, ಪ್ರಿಂಟರ್, ಸ್ಕ್ಯಾನರ್, ಕನ್ನಡ ಎಲ್ಲವನ್ನೂ ಅಲ್ಲೇ ಪರೀಕ್ಷೆ ಮಾಡಿ. ಸರಿಬರದಿದ್ದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಆಯ್ತು.

ಯಶವಂತಪುರ ಲೋಕಲ್

ಲಿನಕ್ಸ್ ಗಿನಕ್ಸ್ ಆಮೇಲೆ. ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಡಿಸ್ಕ್ ನೂರು ಪರ್ಸೆಂಟ್ ಅಂದ್ರೆ ಅದು ತಿರುಗುವ ಹಾರ್ಡ್ ಡಿಸ್ಕ್ ಸಮಸ್ಯೆ. ಯಾವ ಸಿಸ್ಟಂ ಹಾಕಿದರೂ ಅದು ಹಾಗೇ ಇರುತ್ತೆ.

ಕಪ್ಪುಪರದೆ

@ಯಶವಂತಪುರ ಲೋಕಲ್ ಎಸ್‌ಎಸ್‌ಡಿ ಮಾತು ನೂರಕ್ಕೆ ನೂರು ಒಪ್ತೀನಿ. ಆದರೆ ಅದು ಭದ್ರತೆ ಅಪ್‌ಡೇಟ್ ತರಲ್ಲ ಅಲ್ವಾ? ಗಿರಾಕಿಗಳ ಆಧಾರ್, ಪ್ಯಾನ್ ಕಾಪಿ ಓಡಾಡುವ ಅಂಗಡಿ ಅದು. ತೂತು ಮುಚ್ಚದ ಸಿಸ್ಟಂ ನೆಟ್‌ಗೆ ಸಿಕ್ಕಿಸಿ ಇಡುವುದು ತಪ್ಪು.

ಯಶವಂತಪುರ ಲೋಕಲ್

ಅದಕ್ಕೂ ದಾರಿ ಇದೆಯಲ್ಲ ಗುರು. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡುವುದೂ ಬೇಡ. ಅವಸರದಲ್ಲಿ ಎಲ್ಲ ಕಿತ್ತುಹಾಕಬೇಡಿ. ಅಂಗಡಿ ನಡೆಯಬೇಕು.

ಲೆಕ್ಕದಪುಸ್ತಕ

ನಾನು ರಾಜಾಜಿನಗರದಲ್ಲಿ ಲೆಕ್ಕಪತ್ರ ನೋಡುವವನು. ನನ್ನ ಕಡೆಯಿಂದ ಎರಡು ಮಾತು.

ಟ್ಯಾಲಿ ಪ್ರೈಮ್ ಬಳಸುತ್ತೀರಾ? ಅದು ನಮ್ಮ ಬೆಂಗಳೂರಿನದೇ ಕಂಪನಿ, ಆದರೆ ತಂತ್ರಾಂಶ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ವೈನ್ ಅನ್ನುವ, ವಿಂಡೋಸ್ ತಂತ್ರಾಂಶ ನಡೆಸುವ ಸಲಕರಣೆ ಮೂಲಕ ಓಡಿಸುವವರು ಇದ್ದಾರೆ, ವ್ಯಾಪಾರದ ಲೆಕ್ಕವನ್ನು ಹಾಗೆ ಇಡಲು ನಾನು ಯಾರಿಗೂ ಹೇಳಲ್ಲ.

ಎರಡನೆಯದು ಜಿಎಸ್‌ಟಿ. ನಿಮ್ಮದು ಸ್ವಂತ ಹೆಸರಿನ ಅಂಗಡಿ ಆದರೆ ಮೊಬೈಲ್‌ಗೆ ಬರುವ ಒಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು, ಬ್ರೌಸರ್ ಸಾಕು. ಕಂಪನಿ, ಎಲ್‌ಎಲ್‌ಪಿಗಳಿಗೆ ಮಾತ್ರ ಡಿಜಿಟಲ್ ಸಹಿ ಕಡ್ಡಾಯ. ಆ ಯುಎಸ್‌ಬಿ ಟೋಕನ್ ಇದ್ದವರು ಒಂದು ವಿಂಡೋಸ್ ಮಷಿನ್ ಇಟ್ಟುಕೊಳ್ಳುವುದು ಕ್ಷೇಮ. ಕೊನೇ ದಿನ ರಾತ್ರಿ ಡ್ರೈವರ್ ಹುಡುಕುತ್ತಾ ಕೂರುವ ಪರಿಸ್ಥಿತಿ ಬೇಡ.

ಅಕ್ಷರಮನೆ

ಟ್ಯಾಲಿ ಇಲ್ಲ ಸರ್. ಬಿಲ್ ಪುಸ್ತಕ, ಒಂದು ಎಕ್ಸೆಲ್ ಶೀಟ್, ಅಷ್ಟೇ. ಅಂಗಡಿ ನಮ್ಮ ಯಜಮಾನರ ಹೆಸರಲ್ಲಿದೆ, ಒಟಿಪಿಯಲ್ಲೇ ಆಗುತ್ತಿದೆ.

ಹಳೇಫಾಂಟ್

ಇಲ್ಲಿ ಯಾರೂ ನಿಜವಾದ ಪ್ರಶ್ನೆ ಕೇಳಿಲ್ಲ. ಮೇಡಂ, ನಿಮ್ಮ ಹಳೇ ಫೈಲ್‌ಗಳು ಯಾವುದರಲ್ಲಿವೆ? ಪುಟ ಕಟ್ಟುವ ಪೇಜ್‌ಮೇಕರ್ ತಾನೇ? ಅದರಲ್ಲಿ ನುಡಿ ಅಥವಾ ಇನ್ಯಾವುದೋ ಆಸ್ಕಿ ಫಾಂಟ್ ತಾನೇ?

ನಾನು ಅವೆನ್ಯೂ ರಸ್ತೆ ಕಡೆಯ ಪ್ರೆಸ್‌ಗಳಿಗೆ ಪುಟ ಕಟ್ಟಿಕೊಡುತ್ತಾ ಬಂದವನು. ಪೇಜ್‌ಮೇಕರ್‌ನ ಕೊನೇ ಆವೃತ್ತಿ 7.0 ಬಂದದ್ದು 2001ರಲ್ಲಿ. ಇವತ್ತಿಗೂ ಕನ್ನಡ ಪುಸ್ತಕ, ಕಾರ್ಡು, ಕರಪತ್ರ ಅದರಲ್ಲೇ ಎಷ್ಟೋ ಆಗುತ್ತಿವೆ. ಯಾಕೆ ಅಂದರೆ ಹಳೇ ಆಸ್ಕಿ ಫಾಂಟ್‌ಗಳು ಅದರಲ್ಲಿ ನಡೆಯುತ್ತವೆ. ಆದರೆ ಅದಕ್ಕೆ ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಆಸ್ಕಿ ಫಾಂಟ್‌ನಲ್ಲಿ ಕನ್ನಡ ಅಕ್ಷರವನ್ನು ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ. ಫಾಂಟ್ ಇರುವವರೆಗೆ ಮಾತ್ರ ಕನ್ನಡದ ಹಾಗೆ ಕಾಣುತ್ತದೆ. ಫಾಂಟ್ ತೆಗೆದರೆ ಟೊಪ್ಪಿ, ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರಗಳ ಸಾಲು.

ಲಿನಕ್ಸ್‌ಗೆ ಹೋದ ಮೇಲೆ ಆ ಪೇಜ್‌ಮೇಕರ್ ಫೈಲ್ ತೆಗೆಯುವುದು ಹೇಗೆ? ಅದಕ್ಕೆ ಉತ್ತರ ಸಿಗದೆ ಮಷಿನ್ ಫಾರ್ಮ್ಯಾಟ್ ಮಾಡಬೇಡಿ.

ಅಕ್ಷರಮನೆ

ಹೌದು ಸರ್, ಮದುವೆ ಕಾರ್ಡು, ವರದಿಗಳೆಲ್ಲ ಪೇಜ್‌ಮೇಕರ್. ಪ್ರಶ್ನೆಪತ್ರಿಕೆ, ಕರಾರು ವರ್ಡ್‌ನಲ್ಲಿ, ಅದೂ ನುಡಿ ಫಾಂಟ್. ಇದನ್ನೇ ನಾನು ಯೋಚಿಸಿರಲಿಲ್ಲ.

ಕಪ್ಪುಪರದೆ

ವರ್ಡ್ ಫೈಲ್ ಸಮಸ್ಯೆ ಅಲ್ಲ. ನುಡಿ ಫಾಂಟ್‌ನ ಟಿಟಿಎಫ್ ಫೈಲ್‌ಗಳನ್ನು ಲಿನಕ್ಸ್‌ನಲ್ಲೂ ಹಾಕಿಕೊಳ್ಳಬಹುದು. ಫಾಂಟ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಬಟನ್ ಬರುತ್ತದೆ. ಆಮೇಲೆ ವರ್ಡ್ ಬದಲಿಗೆ ಬಳಸುವ ಲಿಬ್ರೆ ಆಫೀಸ್‌ನಲ್ಲಿ ತೆಗೆದರೆ ಓದಲು, ಪ್ರಿಂಟ್ ಹಾಕಲು ಬರುತ್ತದೆ. ಪುಟ ವಿನ್ಯಾಸ ಅಲ್ಲಿ ಇಲ್ಲಿ ಸ್ವಲ್ಪ ಜರುಗಬಹುದು, ಟೇಬಲ್ ಇರುವ ಕಡೆ ಜಾಸ್ತಿ.

ಪೇಜ್‌ಮೇಕರ್‌ಗೆ ನನ್ನ ಸಲಹೆ ಒಂದೇ. ಒಂದು ಡೆಸ್ಕ್‌ಟಾಪ್ ಇದ್ದ ಹಾಗೇ ಬಿಡಿ, ನೆಟ್ ವೈರ್ ಕಿತ್ತುಹಾಕಿ. ಅಥವಾ ಲಿನಕ್ಸ್ ಒಳಗೆ ವರ್ಚುವಲ್‌ಬಾಕ್ಸ್ ಅನ್ನುವ, ಒಂದು ಸಿಸ್ಟಂ ಒಳಗೇ ಇನ್ನೊಂದನ್ನು ನಡೆಸುವ ತಂತ್ರಾಂಶದಲ್ಲಿ ಹಳೇ ವಿಂಡೋಸ್ ಇಟ್ಟು, ಅದಕ್ಕೆ ನೆಟ್ ಕೊಡದೆ ಪೇಜ್‌ಮೇಕರ್ ಓಡಿಸಿ. 8 ಜಿಬಿ ರ್‍ಯಾಮ್‌ಗೆ ಅದು ಭಾರ ಅಲ್ಲ. ಲೈಸೆನ್ಸ್ ಇರುವ ವಿಂಡೋಸ್ ಬೇಕು, ಅದು ನೆನಪಿರಲಿ.

ಶಾಲೆಮೇಷ್ಟ್ರು

ನುಡಿ ಕೀಲಿಮಣೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಲಿನಕ್ಸ್‌ನಲ್ಲಿ ಅದು ಮೊದಲಿಂದಲೇ ಇದೆ. ಬೇರೆ ತಂತ್ರಾಂಶ ಇಳಿಸಿಕೊಳ್ಳುವುದೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅಲ್ಲಿ ಲೇಔಟ್ ಅಂತ ಇರುತ್ತದೆ. ಪ್ಲಸ್ ಗುರುತು ಒತ್ತಿ ಕನ್ನಡ ಹುಡುಕಿ. ಎರಡು ಬರುತ್ತವೆ. ಬರೀ "ಕನ್ನಡ" ಅಂತಿರುವುದು ಇನ್‌ಸ್ಕ್ರಿಪ್ಟ್. "ಕಗಪ" ಅಂತಿರುವುದು ನಿಮ್ಮ ಕೈಗೆ ಕೂತಿರುವುದು. ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಇದರ ಮೂಲ. ಎಫ್ ಕೀಲಿ ಒತ್ತಿದರೆ ಅರ್ಧಾಕ್ಷರ ಇಲ್ಲೂ ಆಗುತ್ತದೆ. ಕೆ, ಎಫ್, ಕೆ ಒತ್ತಿದರೆ ಕ್ಕ.

ಒಂದೇ ವ್ಯತ್ಯಾಸ, ಇದು ಬರೆಯುವುದು ಯೂನಿಕೋಡ್‌ನಲ್ಲಿ. ಅದು ಒಳ್ಳೆಯದೇ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಕನ್ನಡವನ್ನು ನೇರ ಕಾಪಿ ಮಾಡಿ ಹಾಕಬಹುದು. ಇವತ್ತು ಅದನ್ನೇ ನೋಡಿ ನೋಡಿ ಮತ್ತೆ ಟೈಪ್ ಮಾಡುತ್ತಿದ್ದೀರಿ ಅಲ್ವಾ?

ಅಕ್ಷರಮನೆ

ಹೌದು ಮೇಷ್ಟ್ರೇ, ಅದೇ ದೊಡ್ಡ ತಲೆನೋವು. ಇಡೀ ಆಹ್ವಾನ ಪತ್ರಿಕೆ ಒಕ್ಕಣೆ ವಾಟ್ಸಾಪ್‌ನಲ್ಲಿ ಬಂದಿರುತ್ತೆ. ಪೇಜ್‌ಮೇಕರ್‌ಗೆ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಮ್ಯಾಕ್ ಮಲ್ಲೇಶ್ವರ

ಇಷ್ಟೆಲ್ಲ ಕಷ್ಟ ಯಾಕೆ? ಒಂದು ಮ್ಯಾಕ್ ಮಿನಿ ತಗೊಳ್ಳಿ. ಕನ್ನಡ ಫಾಂಟ್ ಜೊತೆಗೇ ಬರುತ್ತೆ, ಕನ್ನಡ ಕೀಲಿಮಣೆ ಇದೆ, ಪುಟ ಕಟ್ಟುವ ಇನ್‌ಡಿಸೈನ್ ಓಡುತ್ತೆ. ಮನೆಯಲ್ಲಿ ವಿಂಡೋಸ್ ಬಿಟ್ಟ ಮೇಲೆ ನಾನು ಹಿಂದೆ ತಿರುಗಿ ನೋಡಿಲ್ಲ.

ಯಶವಂತಪುರ ಲೋಕಲ್

@ಮ್ಯಾಕ್ ಮಲ್ಲೇಶ್ವರ ಹೊಸ ಮಷಿನ್ ತಗೊಳ್ಳಲು ಆಗಲ್ಲ ಅಂತ ಮೊದಲ ಸಾಲುಗಳಲ್ಲೇ ಹೇಳಿದ್ದಾರೆ. ಇನ್‌ಡಿಸೈನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಎರಡು ರೂಪಾಯಿಗೆ ಜೆರಾಕ್ಸ್ ಮಾಡುವ ಅಂಗಡಿ ಅದು.

ಮ್ಯಾಕ್ ಮಲ್ಲೇಶ್ವರ

ಅಂಗಡಿ ಅಂದ ಮೇಲೆ ಬಂಡವಾಳ ಹಾಕಲೇಬೇಕು. ಕನ್ನಡ ಅಂದರೆ ಪುಕ್ಕಟೆ ತಂತ್ರಾಂಶದಲ್ಲೇ ಆಗಬೇಕು ಅನ್ನುವುದನ್ನು ನಾನು ಒಪ್ಪಲ್ಲ. ಆ ಮನೋಭಾವದಿಂದಲೇ ಕನ್ನಡಕ್ಕೆ ಒಳ್ಳೆಯ ಫಾಂಟ್ ಮಾಡುವವರು ಉಳಿಯಲಿಲ್ಲ.

ಕಪ್ಪುಪರದೆ

ಪುಕ್ಕಟೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ ಸರ್. ಮುಕ್ತ ತಂತ್ರಾಂಶದಲ್ಲಿ ಕನ್ನಡ ಸರಿಯಿಲ್ಲದಿದ್ದರೆ ನಾವೇ ಸರಿಮಾಡಬಹುದು. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅನ್ನುವ ಲೈಬ್ರರಿಯನ್ನು ತಗೊಳ್ಳಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಅದೇ ಇದೆ. ಅಲ್ಲಿ ಒಂದು ಒತ್ತಕ್ಷರ ಸರಿಯಾದರೆ ಇಷ್ಟೂ ಕಡೆ ಸರಿಯಾಗುತ್ತದೆ. ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟ್‌ಗಳು ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್ ರೂಪಗಳ ಭಂಡಾರದಲ್ಲೇ ಸಿಗುತ್ತವೆ. ಯಾರೋ ಕನ್ನಡಿಗರು ಕೂತು ಮಾಡಿದ್ದಕ್ಕೆ ಅವು ಅಲ್ಲಿವೆ.

ಮೆಜೆಸ್ಟಿಕ್ ಮೇಲ್ಸೇತುವೆ

ವಿಷಯ ಬಿಟ್ಟು ಒಂದು ಮಾತು. ಬೆಂಗಳೂರಲ್ಲಿ ಲಿನಕ್ಸ್ ಅಂದರೆ ನನಗೆ ನೆನಪಾಗುವುದು 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ. 2005ಕ್ಕೆ ಅದರ ಹೆಸರು ಫಾಸ್ ಡಾಟ್ ಇನ್ ಆಯ್ತು. ಕಾಲೇಜು ಹುಡುಗರು ಸಾಲುಗಟ್ಟಿ ಬರುತ್ತಿದ್ದರು. ಉಬುಂಟು ಸಿಡಿ ಬೇಕು ಅಂತ ಕೇಳಿದರೆ ಅಂಚೆಯಲ್ಲಿ ಮನೆಗೇ ಕಳಿಸುತ್ತಿದ್ದ ಕಾಲ ಅದು. ಹಾಗೆ ಸಿಡಿ ಕಳಿಸುವುದು 2011ರಲ್ಲಿ ನಿಂತಿತು. ನೆಟ್ ನಿಧಾನ ಇದ್ದಾಗ ಆ ಸಿಡಿಗಳೇ ನಮಗೆ ಗತಿ.

ಇನ್ನೂ ಹಿಂದೆ ಹೋದರೆ ಸಿಂಪ್ಯೂಟರ್. ಐಐಎಸ್‌ಸಿಯವರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ್ದು. ಕೈಯಲ್ಲಿ ಹಿಡಿಯುವ ಕಂಪ್ಯೂಟರ್, ಒಳಗೆ ಓಡುತ್ತಿದ್ದದ್ದು ಲಿನಕ್ಸ್. 2004ರಲ್ಲಿ ಅಮಿಡ ಅನ್ನುವ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಸ್ಮಾರ್ಟ್‌ಫೋನ್ ಇಲ್ಲದ ಕಾಲದಲ್ಲಿ ನಮ್ಮೂರಲ್ಲಿ ಆದ ಕೆಲಸ ಅದು, ಈಗಿನ ಹುಡುಗರಿಗೆ ಹೇಳುವವರೇ ಇಲ್ಲ.

ಗಿರಿನಗರವಾಸಿ

ಸಿಂಪ್ಯೂಟರ್ ನಾನು ಕೈಯಲ್ಲಿ ಹಿಡಿದು ನೋಡಿದ್ದೀನಿ! ಅಲ್ಲಾಡಿಸಿದರೆ ಪುಟ ಬದಲಾಗುತ್ತಿತ್ತು. ಆಗ ಅದು ನಂಬಲಾಗದ ವಿಷಯ.

ಶಾಲೆಮೇಷ್ಟ್ರು

ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ನಡೆಯುತ್ತಿದೆ. ಇಷ್ಟು ಐಟಿ ಕಂಪನಿ ಇರುವ ನಮ್ಮ ಊರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಅಂದರೆ ಒಂದೇ ಕಂಪನಿಯ ಪರದೆ. ನನಗೆ ಇದು ಬೇಸರದ ವಿಷಯ. ಇರಲಿ, ಮೇಡಂ ಪ್ರಶ್ನೆಗೆ ಬರೋಣ.

ಅಮ್ಮನ ಲ್ಯಾಪ್‌ಟಾಪ್

ನಮ್ಮ ಅಮ್ಮನ ಹಳೇ ಲ್ಯಾಪ್‌ಟಾಪ್‌ಗೆ ನಾನು ಮಿಂಟ್ ಹಾಕಿಕೊಟ್ಟೆ. ಅವರದು ಬಸವನಗುಡಿಯಲ್ಲಿ ಭಜನಾ ಮಂಡಳಿ. ಹಾಡಿನ ಪಟ್ಟಿ ಟೈಪ್ ಮಾಡುವುದು, ಯೂಟ್ಯೂಬ್, ಬೆಸ್ಕಾಂ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ನೋಡುವುದು. ಮೆನುವನ್ನೂ ಕನ್ನಡಕ್ಕೆ ಬದಲಾಯಿಸಿದೆ. ಅನುವಾದ ಪೂರ್ತಿ ಇಲ್ಲ, ಅರ್ಧಂಬರ್ಧ ಇಂಗ್ಲಿಷ್ ಉಳಿದಿದೆ. ಆದರೂ ಅಮ್ಮ ಅದನ್ನೇ ಇಟ್ಟುಕೊಂಡಿದ್ದಾರೆ. ಅಪ್‌ಡೇಟ್ ಬಂದಾಗ ಕೆಳಗೆ ಒಂದು ಗುರಾಣಿ ಚಿತ್ರ ಬರುತ್ತೆ, ತಮಗೆ ಬಿಡುವಾದಾಗ ಒತ್ತುತ್ತಾರೆ. ಕೆಲಸದ ಮಧ್ಯೆ ರೀಸ್ಟಾರ್ಟ್ ಅನ್ನುವ ಮಾತೇ ಇಲ್ಲ.

ಡಿಟಿಪಿ ಬೇರೆ ಅಂತ ಗೊತ್ತು. ಕೌಂಟರ್ ಮೇಲಿನ ಪ್ರಿಂಟ್‌ಔಟ್ ಮಷಿನ್‌ಗೆ ಮಾತ್ರ ಕಣ್ಣುಮುಚ್ಚಿ ಹಾಕಬಹುದು ಅಕ್ಕಾ.

ಅಕ್ಷರಮನೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಂಗಡಿ ಮುಚ್ಚಿ ನಮ್ಮ ಮಗಳ ಜೊತೆ ಕೂತು ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಮಾಡಿ ನೋಡಿದೆ.

ಕಗಪ ಸಿಕ್ಕಿತು. ಕೈಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ನನಗೇ ಆಶ್ಚರ್ಯ. ವೈರಸ್ ಇದ್ದ ಗಿರಾಕಿಯ ಪೆನ್‌ಡ್ರೈವ್ ಒಂದು ಅಂಗಡಿಯಲ್ಲೇ ಉಳಿದಿತ್ತು, ಅದನ್ನೂ ಹಾಕಿದೆ. ಶಾರ್ಟ್‌ಕಟ್‌ಗಳ ಜೊತೆಗೇ ನಿಜವಾದ ಫೋಲ್ಡರ್ ಕೂಡ ಕಾಣಿಸಿತು! ಹೆಸರಿಲ್ಲದ ಒಂದು ಫೋಲ್ಡರ್ ಒಳಗೆ ಫೈಲ್‌ಗಳೆಲ್ಲ ಇದ್ದವು. ಆ ಹುಡುಗಿಯ ಪ್ರಾಜೆಕ್ಟ್ ರಿಪೋರ್ಟ್ ಕಳೆದೇ ಹೋಯಿತು ಅಂದುಕೊಂಡಿದ್ದೆವು.

ಎರಡು ತೊಂದರೆ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಆಯ್ಕೆ ಮಾಡಿ ಮೇಲೆ ಫಾಂಟ್ ಬದಲಾಯಿಸಿದರೆ ಕೆಲವು ಸಲ ಬದಲಾಗುತ್ತೆ, ಕೆಲವು ಸಲ ಇಲ್ಲ. ಅಳತೆಯೂ ಹಾಗೇ. ಇನ್ನೊಂದು, ಹಳೇ ಲೇಸರ್ ಪ್ರಿಂಟರ್ ಹೆಸರು ತೋರಿಸುತ್ತೆ, ಪ್ರಿಂಟ್ ಕೊಟ್ಟರೆ ಕಾಗದ ಹೊರಗೆ ಬರಲ್ಲ. ಜೆರಾಕ್ಸ್, ಪ್ರಿಂಟ್ ಎರಡೂ ಮಾಡುವ ದೊಡ್ಡ ಮಷಿನ್ ನೆಟ್‌ವರ್ಕ್‌ನಲ್ಲಿದೆ, ಅದು ಮಾತ್ರ ಏನೂ ಕೇಳದೆ ಕೆಲಸ ಮಾಡಿತು.

ಶಾಲೆಮೇಷ್ಟ್ರು

ಫಾಂಟ್ ವಿಷಯ ಸುಲಭ. ಲಿಬ್ರೆ ಆಫೀಸ್ ಒಳಗೆ ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಬೇರೊಂದು ಫಾಂಟ್ ಅಂತ ಎರಡು ಲೆಕ್ಕ ಇಟ್ಟಿರುತ್ತದೆ. ಟೂಲ್ಸ್, ಆಪ್ಷನ್ಸ್, ಭಾಷೆಗಳ ವಿಭಾಗಕ್ಕೆ ಹೋಗಿ. ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅಂತ ಇರುವುದಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ ಕನ್ನಡ ಆರಿಸಿ. ಆಮೇಲೆ ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್ ತೆಗೆದರೆ ಎರಡಕ್ಕೂ ಬೇರೆ ಬೇರೆ ಜಾಗ ಕಾಣುತ್ತದೆ. ಕನ್ನಡದ ಅಳತೆಯನ್ನು ಅಲ್ಲೇ ಬದಲಿಸಿ. "ನನ್ನ ಫಾಂಟ್ ಕೇಳ್ತಿಲ್ಲ" ಅಂತ ನನ್ನ ಸಹೋದ್ಯೋಗಿಗಳು ಲಿಬ್ರೆ ಆಫೀಸ್ ಬಿಟ್ಟುಬಿಡುವುದೇ ಈ ಒಂದು ಕಾರಣಕ್ಕೆ.

ಕಪ್ಪುಪರದೆ

ಪ್ರಿಂಟರ್ ವಿಷಯ ಹೀಗಿದೆ. ಈಚಿನ ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಡ್ರೈವರ್ ಬೇಕಾಗುವುದೇ ಇಲ್ಲ. ಮೊಬೈಲ್‌ನಿಂದ ಪ್ರಿಂಟ್ ಕೊಡುವ ವಿಧಾನವನ್ನೇ ಲಿನಕ್ಸ್ ಕೂಡ ಬಳಸುತ್ತದೆ. ಎಚ್‌ಪಿಯವರದಾದರೆ ಎಚ್‌ಪಿಲಿಪ್ ಅಂತ ಅವರೇ ಕೊಡುವ ಡ್ರೈವರ್ ಇದೆ. ತೊಂದರೆ ಇರುವುದು ಹಳೇ ಅಗ್ಗದ ಲೇಸರ್‌ಗಳಲ್ಲಿ. ಪುಟ ಸಿದ್ಧಮಾಡುವ ಕೆಲಸವನ್ನು ಅವು ಕಂಪ್ಯೂಟರ್ ತಲೆಗೇ ಹಾಕುತ್ತವೆ. ಕಂಪನಿಯ ಸ್ವಂತ ಭಾಷೆಯಲ್ಲಿ ಮಾತ್ರ ಮಾತಾಡುತ್ತವೆ. ಅದರ ಮಾಡೆಲ್ ನಂಬರ್ ಜೊತೆ ಲಿನಕ್ಸ್ ಅಂತ ಸೇರಿಸಿ ಹುಡುಕಿ. ಸಿಗದಿದ್ದರೆ ಆ ಪ್ರಿಂಟರ್ ಅನ್ನು ಪೇಜ್‌ಮೇಕರ್ ಮಷಿನ್‌ಗೇ ಬಿಡಿ.

ಎಸ್‌ಪಿ ರೋಡ್ ಸುತ್ತಾಟ

ಎಸ್‌ಎಸ್‌ಡಿ ತಗೊಳ್ಳೋಕೆ ಎಸ್‌ಪಿ ರೋಡ್‌ಗೆ ಬರುವುದಾದರೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬನ್ನಿ, ಗಾಡಿ ತರಬೇಡಿ. ಬಿಲ್ಲು, ವಾರಂಟಿ ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ನೂರಿನ್ನೂರು ಕಮ್ಮಿಗೆ ಕೊಡ್ತೀನಿ ಅನ್ನುವ ಕಡೆ ನಿಲ್ಲಬೇಡಿ. ನಿಮ್ಮ 4ನೇ ತಲೆಮಾರಿನ ಬೋರ್ಡ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ. ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿ ಕೊಟ್ಟರೆ ಸಾಮಾನ್ಯವಾಗಿ ಸಿಕ್ಕಿಸಲು ಜಾಗವೇ ಇರಲ್ಲ.

ಗಿರಿನಗರವಾಸಿ

ಮೆಟ್ರೋದಲ್ಲಿ ಬಂದರೆ ಚಿಕ್ಕಪೇಟೆ ಇಳಿದು ನಡೆಯಬಹುದು. ಅಥವಾ ಕೆ.ಆರ್. ಮಾರ್ಕೆಟ್.

ಹಳೇಫಾಂಟ್

@ಶಾಲೆಮೇಷ್ಟ್ರು ಯೂನಿಕೋಡ್ ಬಗ್ಗೆ ಒಂದು ಪ್ರಶ್ನೆ. ಮದುವೆ ಕಾರ್ಡಿಗೆ ಬೇಕಾಗುವ ಅಲಂಕಾರದ ಅಕ್ಷರ ಯೂನಿಕೋಡ್‌ನಲ್ಲಿ ಎಲ್ಲಿವೆ? ಆಸ್ಕಿಯಲ್ಲಿ ನನ್ನ ಹತ್ತಿರ ನೂರಾರು ಇವೆ. ಗಿರಾಕಿ "ಹೋದ ಸಲದ ಅದೇ ಅಕ್ಷರ ಬೇಕು" ಅಂದರೆ ನಾನೇನು ಹೇಳಲಿ?

ಶಾಲೆಮೇಷ್ಟ್ರು

ಹತ್ತು ವರ್ಷದ ಹಿಂದೆ ಈ ಮಾತು ನಿಜ. ಈಗ ನೋಡಿ. ಬಾಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ, ಅಕಾಯ ಕನಡಕ, ಬೆಣ್ಣೆ, ಹುಬ್ಬಳ್ಳಿ, ನೋಟೋದ ಸೆರಿಫ್ ಮತ್ತು ಸಾನ್ಸ್. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತವಾಗಿ ಸಿಗುತ್ತವೆ, ಅಚ್ಚಿಗೂ ಬಳಸಬಹುದು. ಪುಸ್ತಕದ ಒಳಪುಟಕ್ಕೆ ತಿರೋ ಕನ್ನಡ ಹಾಕಿ ನೋಡಿ, ಹಳೇ ಅಚ್ಚುಮೊಳೆಯ ಗತ್ತು ಇದೆ. ಅಲಂಕಾರದ ಅಕ್ಷರ ಇನ್ನೂ ಕಮ್ಮಿಯೇ, ಅದನ್ನು ಒಪ್ಪುತ್ತೇನೆ.

ಆದರೆ ಒಂದು ಯೋಚಿಸಿ. ಕನ್ನಡ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಇದೆ, ಅಂದರೆ 1991ರಿಂದ. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ. ಕನ್ನಡಕ್ಕೆ 128 ಜಾಗ ಅಲ್ಲಿ ಮೀಸಲಿವೆ. ಇಷ್ಟು ವರ್ಷವಾದರೂ ನಮ್ಮ ಪುಸ್ತಕಗಳು ಹುಡುಕಿದರೆ ಸಿಗದ, ಬೇರೆ ಫಾಂಟ್‌ನಲ್ಲಿ ಓದಲಾಗದ ರೂಪದಲ್ಲಿ ಬೀಗ ಹಾಕಿಕೊಂಡು ಕೂತಿವೆ. ಆಸ್ಕಿ ಪಿಡಿಎಫ್‌ನಿಂದ ಒಂದು ಪದ್ಯ ಕಾಪಿ ಮಾಡಿ ನೋಡಿ ಬೇಕಾದರೆ. ಸಿಸ್ಟಂ ಯಾವುದೇ ಇರಲಿ, ಮೊದಲು ಈ ಬೀಗ ತೆಗೆಯಬೇಕು.

ಹಳೇಫಾಂಟ್

ಹುಡುಕಾಟದ ಮಾತು ಒಪ್ಪಿದೆ. ಸಂಘದವರು "ಹಳೇ ವರದಿಯಲ್ಲಿ ನಮ್ಮ ತಂದೆ ಹೆಸರು ಎಲ್ಲಿದೆ ನೋಡಿ" ಅಂದಾಗ ಪುಟ ಪುಟ ಕಣ್ಣಲ್ಲೇ ಹುಡುಕಬೇಕು. ಪ್ರೆಸ್‌ನವರು ಬದಲಾಗುವವರೆಗೆ ಏನೂ ಆಗಲ್ಲ ಅನ್ನುವುದೂ ನಿಜ.

ಪ್ರೂಫ್ ನೋಡುವವಳು

ಪ್ರೆಸ್‌ನವರಿಗೆ ಬೇಕಾಗಿರುವುದು ಪಿಡಿಎಫ್ ಸರ್. ಫಾಂಟ್ ಒಳಗೇ ಸೇರಿದ್ದರೆ ಅವರು ಯಾವುದರಲ್ಲಿ ಮಾಡಿದ್ದು ಅಂತ ಕೇಳುವುದೂ ಇಲ್ಲ. ನಾನು ಸಣ್ಣ ಪತ್ರಿಕೆಯೊಂದರ ಪುಟವನ್ನು ಸ್ಕ್ರೈಬಸ್ ಅನ್ನುವ ಉಚಿತ ಪುಟವಿನ್ಯಾಸ ತಂತ್ರಾಂಶದಲ್ಲಿ ಕಟ್ಟುತ್ತೇನೆ. 1.6 ಆವೃತ್ತಿ ಹಾಕಿಕೊಳ್ಳಿ. ಹಳೇ 1.4 ಸರಣಿಯಲ್ಲಿ ಕನ್ನಡದ ಒತ್ತುಗಳು ಒಡೆಯುತ್ತವೆ, ಅದನ್ನು ನೋಡಿ ಎಷ್ಟೋ ಜನ ಸ್ಕ್ರೈಬಸ್ ಆಗಲ್ಲ ಅಂದುಕೊಂಡಿದ್ದಾರೆ. ನಾಲ್ಕು ಬಣ್ಣದ ಸಿಎಂವೈಕೆ ಪಿಡಿಎಫ್ ಅದರಿಂದಲೇ ಬರುತ್ತದೆ. ಕೊರೆಲ್‌ನಲ್ಲಿ ಚಿತ್ರ ಬಿಡಿಸಿ ಅಭ್ಯಾಸ ಇರುವವರಿಗೆ ಇಂಕ್‌ಸ್ಕೇಪ್ ಇದೆ, ಬಣ್ಣದ ಅಚ್ಚಿನ ವಿಷಯದಲ್ಲಿ ಮಾತ್ರ ಅದು ಕೊರೆಲ್‌ಗೆ ಸಮ ಅಲ್ಲ.

ಹಳೇ ಆಸ್ಕಿಯನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ನೆಟ್‌ನಲ್ಲಿ ಉಚಿತವಾಗಿವೆ. ಪರಿವರ್ತನೆ ಆದ ಮೇಲೆ ಎರಡು ಕಡೆ ಕಣ್ಣಿಡಿ. ಅರ್ಕಾವೊತ್ತು ಮೊದಲನೆಯದು. ಆಸ್ಕಿಯಲ್ಲಿ ಅದನ್ನು ಅಕ್ಷರ ಆದ ಮೇಲೆ ಬರೆದಿರುತ್ತಾರೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. "ಸೂರ್ಯ", "ಕಾರ್ಯ" ಇಂಥ ಪದಗಳನ್ನು ಹುಡುಕಿ ನೋಡಿ. ಎರಡನೆಯದು ನಡುವೆ ಬಂದ ಇಂಗ್ಲಿಷ್. ಇಮೇಲ್ ವಿಳಾಸ, ಕಂಪನಿ ಹೆಸರು ಎಲ್ಲವನ್ನೂ ಅದು ಕನ್ನಡ ಅಂದುಕೊಂಡು ಏನೇನೋ ಮಾಡಿಬಿಡುತ್ತದೆ.

ಯಶವಂತಪುರ ಲೋಕಲ್

ಡ್ಯುಯಲ್ ಬೂಟ್, ಅಂದರೆ ಒಂದೇ ಮಷಿನ್‌ನಲ್ಲಿ ಎರಡೂ ಸಿಸ್ಟಂ ಇಡುವುದಾದರೆ ಈ ಮಾತು ಕೇಳಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಡಿಸ್ಕ್ ಲಾಕ್ ಆಗಿ ಕೂತುಬಿಡುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಪೂರ್ತಿ ಶಟ್‌ಡೌನ್ ಆಗದೆ ಅರ್ಧ ನಿದ್ದೆಯಲ್ಲಿರುತ್ತದೆ, ಆ ಡ್ರೈವ್‌ಗೆ ಲಿನಕ್ಸ್ ಬರೆಯಲು ಒಪ್ಪಲ್ಲ. ಇನ್ನು ಗಡಿಯಾರ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಟೈಮ್ ಐದೂವರೆ ಗಂಟೆ ಹಿಂದೆ ಹೋಗಿರಬಹುದು. ಬೋರ್ಡ್‌ನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಅಂತ ಓದುತ್ತೆ, ವಿಂಡೋಸ್ ನಮ್ಮ ಟೈಮ್ ಅಂತ ಓದುತ್ತೆ. ಹಾಳಾಗಿದೆ ಅಂತ ಬ್ಯಾಟರಿ ಬದಲಾಯಿಸಲು ಹೋಗಬೇಡಿ.

ಕಪ್ಪುಪರದೆ

@ಯಶವಂತಪುರ ಲೋಕಲ್ ಲಿನಕ್ಸ್ ಆಮೇಲೆ ಅಂದವರು ಇಷ್ಟು ಚೆನ್ನಾಗಿ ಹೇಳಿದ್ದು ಖುಷಿ ಆಯ್ತು.

ಯಶವಂತಪುರ ಲೋಕಲ್

ನಾನೂ ಮನೆಯಲ್ಲಿ ಬಳಸ್ತೀನಿ ಗುರು. ಅಂಗಡಿಗೆ ಒಂದೇ ಸಲ ಹಾಕಬೇಡಿ ಅಂದೆ ಅಷ್ಟೇ.

ಅಕ್ಷರಮನೆ

ಹೀಗೆ ಮಾಡಿದ್ದೇವೆ. ಕೌಂಟರ್ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ ಮಿಂಟ್ ಒಂದೇ ಇಟ್ಟೆವು. ಪ್ರಿಂಟ್‌ಔಟ್, ಸ್ಕ್ಯಾನ್, ಆನ್‌ಲೈನ್ ಅರ್ಜಿ, ವಾಟ್ಸಾಪ್ ಎಲ್ಲ ಅದರಲ್ಲಿ. ಒಳಗಿನ ಡೆಸ್ಕ್‌ಟಾಪ್‌ನ ನೆಟ್ ವೈರ್ ತೆಗೆದಿದ್ದೇವೆ. ಪೇಜ್‌ಮೇಕರ್ ಮತ್ತು ಹಳೇ ಪ್ರಿಂಟರ್ ಅದಕ್ಕೇ. ಲ್ಯಾಪ್‌ಟಾಪ್‌ನಲ್ಲಿ ಸದ್ಯಕ್ಕೆ ಎರಡೂ ಇವೆ, ಸ್ಕ್ರೈಬಸ್ ಕಲಿಯುತ್ತಿದ್ದೀನಿ. ಬೇರೆ ಏನೂ ಮಾಡುವ ಮೊದಲು ಎಲ್ಲ ಫೈಲ್ ಎರಡು ಬಾಹ್ಯ ಡಿಸ್ಕ್‌ಗೆ ಕಾಪಿ ಮಾಡಿಟ್ಟೆ.

ಹೊಸ ಕೆಲಸ ಇನ್ನು ಯೂನಿಕೋಡ್‌ನಲ್ಲೇ ಅಂತ ನಿರ್ಧಾರ ಮಾಡಿದ್ದೀನಿ. ಹಳೆಯದರಲ್ಲಿ ಮೊದಲು ಸಂಘದ ವಾರ್ಷಿಕ ವರದಿಗಳು. ಪ್ರೂಫ್ ಮೇಡಂ ಹೇಳಿದ ಎರಡು ತಪ್ಪೂ ಸರಿಯಾಗಿ ಅಲ್ಲೇ ಬಂದವು, ಅರ್ಕಾವೊತ್ತು ಜಾಸ್ತಿ. ಒಂದು ವರದಿ ಪೂರ್ತಿ ತಿದ್ದಿ ಮುಗಿಸಿದ ಮೇಲೆ ಕಾರ್ಯದರ್ಶಿಗಳನ್ನು ಕರೆದು ತೋರಿಸಿದೆ. ಹುಡುಕುವ ಜಾಗದಲ್ಲಿ ಅವರೇ ಒಬ್ಬ ಹಳೇ ಸದಸ್ಯರ ಹೆಸರು ಹೇಳಿದರು. ಟೈಪ್ ಮಾಡಿದ ತಕ್ಷಣ ಪುಟ ಸಿಕ್ಕಿತು. ಉಳಿದ ವರ್ಷಗಳದ್ದೂ ಮಾಡಿಕೊಡಿ, ದುಡ್ಡು ಕೊಡ್ತೀವಿ ಅಂದಿದ್ದಾರೆ.

ಹಳೇಫಾಂಟ್

ಅದಕ್ಕೆ ಪುಟಕ್ಕೆ ಎಷ್ಟು ದರ ಹೇಳಿದಿರಿ ಮೇಡಂ? ನನ್ನ ಹತ್ತಿರವೂ ಅಂಥ ಕೆಲಸ ಬಹಳ ಇದೆ. ದರ ತಿಳಿದರೆ ನಾನೂ ಇಬ್ಬರು ಗಿರಾಕಿಗಳನ್ನು ಕೇಳಿ ನೋಡ್ತೀನಿ.

ಪ್ರೂಫ್ ನೋಡುವವಳು

ಪುಟದ ಲೆಕ್ಕ ಬೇಡ ಸರ್. ಟೇಬಲ್, ಇಂಗ್ಲಿಷ್ ಎಷ್ಟಿದೆ ನೋಡಿ ದರ ಹೇಳಿ. ಆಯವ್ಯಯ ಪಟ್ಟಿ ಇರುವ ಪುಟಕ್ಕೆ ಮಾಮೂಲಿ ಪುಟದ ಎರಡರಷ್ಟು ಹೊತ್ತು ಹಿಡಿಯುತ್ತದೆ.